ಆ್ಯಪ್‌ನಲ್ಲಿ ಕಾಣುವ ಷೇರು, ಬ್ಯಾಂಕಿಗೆ ಬರುವ ಡಿವಿಡೆಂಡ್, ಲೆಡ್ಜರಿನಲ್ಲಿ ಕರಗುವ ಶುಲ್ಕ

ಕಾಫಿಗೂ ಕರಿಮೆಣಸಿಗೂ ಒಳ್ಳೆಯ ಬೆಲೆ ಸಿಕ್ಕ ವರ್ಷ ಅದರಲ್ಲೊಂದು ಪಾಲು ಷೇರಿಗೆ ಹಾಕುವವರು ಕೊಡಗಿನ ಗೋಣಿಕೊಪ್ಪದಲ್ಲೂ ಇದ್ದಾರೆ, ಸೋಮವಾರಪೇಟೆಯಲ್ಲೂ ಇದ್ದಾರೆ. ಖಾತೆ ತೆರೆಯುವುದು ಈಗ ಅರ್ಧ ಗಂಟೆಯ ಕೆಲಸ. ಗೊಂದಲ ಶುರುವಾಗುವುದು ಆಮೇಲೆ. ಕೊಂಡ ಷೇರು ಎಲ್ಲಿದೆ, ಡಿವಿಡೆಂಡ್ (ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು) ಆ್ಯಪ್‌ಗೆ ಯಾಕೆ ಬರಲಿಲ್ಲ, ಮಾರಿದ ಮೇಲೆ ಹದಿನೈದು ಇಪ್ಪತ್ತು ರೂಪಾಯಿ ಯಾರು ಹಿಡಿದರು ಎಂಬ ಪ್ರಶ್ನೆಗಳು ಒಂದೊಂದಾಗಿ ಏಳುತ್ತವೆ. ಉತ್ತರ ಒಂದೇ ಕಡೆ ಸಿಗುವುದಿಲ್ಲ. ಷೇರು ಇರುವುದು ಡಿಪಾಸಿಟರಿ ಎಂಬ, ಷೇರುಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಕಾಯ್ದಿಡುವ ಸಂಸ್ಥೆಯಲ್ಲಿ, ಡಿವಿಡೆಂಡ್ ಹೋಗುವುದು ಬ್ಯಾಂಕಿಗೆ, ಶುಲ್ಕದ ಲೆಕ್ಕ ಇರುವುದು ಬ್ರೋಕರ್ ಆಯಾ ದಿನದ ವಹಿವಾಟಿಗೆ ಕಳಿಸುವ ಕಾಂಟ್ರಾಕ್ಟ್ ನೋಟ್ ಮತ್ತು ನಿಮ್ಮ ಜಮಾಖರ್ಚು ಬರೆದಿಡುವ ಲೆಡ್ಜರಿನಲ್ಲಿ. ಆ್ಯಪ್‌ನಲ್ಲಿ ನಿಮ್ಮ ಷೇರುಗಳ ಪಟ್ಟಿ ತೋರಿಸುವ ಹೋಲ್ಡಿಂಗ್ಸ್ ಪುಟದಲ್ಲಿ ಈ ಮೂರೂ ಪೂರ್ತಿ ಕಾಣುವುದಿಲ್ಲ.

ಮೊದಲು ಷೇರು. ಭಾರತದಲ್ಲಿ ಡಿಪಾಸಿಟರಿಗಳು ಎರಡೇ: 1996ರಲ್ಲಿ ಶುರುವಾದ ಎನ್‌ಎಸ್‌ಡಿಎಲ್, 1999ರಲ್ಲಿ ಬಂದ ಸಿಡಿಎಸ್‌ಎಲ್. ಅಲ್ಲಿರುವ ನಿಮ್ಮ ಷೇರು ಖಾತೆಯೇ ಡಿಮ್ಯಾಟ್. ಅದರ ಸಂಖ್ಯೆ ಬರೀ 16 ಅಂಕಿಗಳದ್ದಾದರೆ ಅದು ಸಿಡಿಎಸ್‌ಎಲ್. 'ಐಎನ್' ಅಕ್ಷರಗಳಿಂದ ಶುರುವಾದರೆ ಎನ್‌ಎಸ್‌ಡಿಎಲ್. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನ ಗೋದಾಮಿನಲ್ಲಿ ನಿಮ್ಮ ಹೆಸರಲ್ಲೇ ಚೀಲ ಇಟ್ಟಿದ್ದು, ಮಾರುವಾಗ ಮಾತ್ರ ಏಜೆಂಟ್ ನಡುವೆ ಬರುತ್ತಾನಲ್ಲ, ಹಾಗೆಯೇ ಇದು. ಬ್ರೋಕರ್ ಬಾಗಿಲು ಮುಚ್ಚಿದರೂ ಡಿಪಾಸಿಟರಿಯಲ್ಲಿ ನಿಮ್ಮ ಹೆಸರಲ್ಲಿರುವ ಷೇರು ನಿಮ್ಮದೇ. ಆದರೆ ಕೀಲಿಯನ್ನು ಪೂರ್ತಿ ಅವನ ಕೈಗೆ ಕೊಟ್ಟಿದ್ದರೆ ಏನಾಗುತ್ತದೆ ಎಂಬುದನ್ನು ಕಾರ್ವಿ ಎಂಬ ಬ್ರೋಕರ್ ಸಂಸ್ಥೆಯ 2019ರ ಪ್ರಕರಣ ತೋರಿಸಿತು. ಗ್ರಾಹಕರಿಂದ ಪಡೆದ ಪವರ್ ಆಫ್ ಅಟಾರ್ನಿ ಬಳಸಿ ಅವರ ಷೇರುಗಳನ್ನು ಅಡವಿಟ್ಟು ಸಾಲ ಎತ್ತಿದ ಆರೋಪದ ಮೇಲೆ ಆ ವರ್ಷದ ನವೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಆ ಸಂಸ್ಥೆಯನ್ನು ನಿರ್ಬಂಧಿಸಿತು. ನಿಯಮಗಳು ಬಿಗಿಯಾದದ್ದು ಅದರ ನಂತರ. ಈಗ ಅಡವಿಟ್ಟ ಷೇರೂ ನಿಮ್ಮ ಖಾತೆಯಲ್ಲೇ 'ಪ್ಲೆಡ್ಜ್' ಎಂಬ ಗುರುತಿನೊಂದಿಗೆ ಉಳಿಯುತ್ತದೆ. ಅದರ ಡಿವಿಡೆಂಡ್ ಕೂಡ ನಿಮಗೇ ಬರುತ್ತದೆ.

ಹಾಗಾಗಿ ವಹಿವಾಟು ನಡೆದ ತಿಂಗಳ ಬಳಿಕ ಇಮೇಲ್‌ಗೆ ಬರುವ ಕನ್ಸಾಲಿಡೇಟೆಡ್ ಅಕೌಂಟ್ ಸ್ಟೇಟ್‌ಮೆಂಟನ್ನು ಅಳಿಸಬೇಡಿ. ಅದನ್ನು ಕಳಿಸುವುದು ಡಿಪಾಸಿಟರಿ, ಬ್ರೋಕರ್ ಅಲ್ಲ. ಪಾಸ್‌ವರ್ಡ್ ಸಾಮಾನ್ಯವಾಗಿ ನಿಮ್ಮ ಪ್ಯಾನ್. ಆ್ಯಪ್‌ನಲ್ಲಿರುವ ಷೇರಿನ ಸಂಖ್ಯೆಯೂ ಇದರಲ್ಲಿರುವ ಸಂಖ್ಯೆಯೂ ತಾಳೆಯಾಗಬೇಕು. ಸಿಡಿಎಸ್‌ಎಲ್‌ನ 'ಈಸಿ', ಎನ್‌ಎಸ್‌ಡಿಎಲ್‌ನ 'ಐಡಿಯಾಸ್' ಸೇವೆಗೆ ಒಮ್ಮೆ ನೋಂದಾಯಿಸಿಕೊಂಡರೆ ಯಾವಾಗ ಬೇಕಾದರೂ ನೇರವಾಗಿ ನೋಡಬಹುದು. ವಾಟ್ಸ್ಆ್ಯಪ್ ಗುಂಪಿನಲ್ಲಿ ಲಿಂಕ್ ಕೊಟ್ಟು ಇಳಿಸಿಸುವ ನಕಲಿ ಆ್ಯಪ್‌ಗಳು ಸಿಕ್ಕಿಬೀಳುವುದೂ ಇಲ್ಲೇ. ಅಲ್ಲಿ ಲಕ್ಷಗಟ್ಟಲೆ ಲಾಭ ಕಾಣುತ್ತದೆ, ಡಿಪಾಸಿಟರಿಯಲ್ಲಿ ಒಂದು ಷೇರೂ ಇರುವುದಿಲ್ಲ. ದುಡ್ಡು ಹಾಕುವಾಗ ಯಾರದ್ದೋ ಖಾಸಗಿ ಬ್ಯಾಂಕ್ ಖಾತೆಗೆ ಕಳಿಸಿ ಎಂದರೆ ಅಲ್ಲೇ ನಿಲ್ಲಿಸಿ. ನೋಂದಾಯಿತ ಬ್ರೋಕರ್‌ಗಳಿಗೆಂದೇ 'ವ್ಯಾಲಿಡ್' ಎಂಬ ಪದವುಳ್ಳ ಯುಪಿಐ ವಿಳಾಸಗಳು 2025ರ ಅಕ್ಟೋಬರ್‌ನಿಂದ ಬಂದಿವೆ.

ಇವತ್ತು ಕೊಂಡ ಷೇರು ಡಿಮ್ಯಾಟ್‌ಗೆ ಬರುವುದು ಮುಂದಿನ ವಹಿವಾಟಿನ ದಿನ. ಇದೇ ಟಿ+1 (ವಹಿವಾಟಿನ ದಿನದ ಮೇಲೆ ಒಂದು ದಿನ), 2023ರ ಜನವರಿ 27ರಿಂದ ಎಲ್ಲ ಷೇರಿಗೂ ಅನ್ವಯ. ಅಲ್ಲಿಯವರೆಗೆ ಆ್ಯಪ್‌ನಲ್ಲಿ ಅದರ ಪಕ್ಕ ಟಿ1 ಎಂದಿರುತ್ತದೆ. ಟಿ1 ಇರುವಾಗಲೇ ಮಾರಲು ಹೆಚ್ಚಿನ ಬ್ರೋಕರ್‌ಗಳು ಬಿಡುತ್ತಾರೆ. ಆದರೆ ನಿಮಗೆ ಮಾರಿದವನು ಷೇರು ತಲುಪಿಸದೆ ಹೋದರೆ ನೀವೂ ಮುಂದಿನವನಿಗೆ ತಲುಪಿಸಲಾಗದೆ ಎಕ್ಸ್‌ಚೇಂಜಿನ (ಷೇರು ವಿನಿಮಯ ಕೇಂದ್ರದ) ಹರಾಜಿಗೆ ಸಿಕ್ಕಿ ದಂಡ ಕಟ್ಟಬೇಕಾಗುತ್ತದೆ. ವಹಿವಾಟು ತೆಳುವಾಗಿರುವ ಸಣ್ಣ ಕಂಪನಿಗಳಲ್ಲಿ ಈ ಸಾಹಸ ಬೇಡ.

ಮಾರುವಾಗಿನ ಒಪ್ಪಿಗೆಯ ಕಥೆ ನಮ್ಮ ಜಿಲ್ಲೆಯಲ್ಲಿ ಸ್ವಲ್ಪ ಬೇರೆ. ಷೇರನ್ನು ಡಿಮ್ಯಾಟ್‌ನಿಂದ ಹೊರಬಿಡಲು ಸಿಡಿಎಸ್‌ಎಲ್‌ನಲ್ಲಿ ಟಿ-ಪಿನ್ ಎಂಬ ಗುಪ್ತ ಸಂಖ್ಯೆ ಮತ್ತು ಮೊಬೈಲಿಗೆ ಬರುವ ಒಟಿಪಿ ಎರಡೂ ಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಮಳೆಗೆ ಕರೆಂಟ್ ಹೋಗಿ, ಟವರಿನ ಬ್ಯಾಟರಿ ಮುಗಿದು, ವೈಫೈ ಇದ್ದರೂ ಸಿಗ್ನಲ್ ಇಲ್ಲದ ಮನೆಗಳಲ್ಲಿ ಎಸ್‌ಎಂಎಸ್‌ನ ಆ ಒಟಿಪಿ ಬರುವುದೇ ಇಲ್ಲ. ಇದಕ್ಕೆ ಪರಿಹಾರ ಡಿಡಿಪಿಐ ಎಂಬ ಸೀಮಿತ ಅಧಿಕಾರ ಪತ್ರ. ಹಳೆಯ ಪವರ್ ಆಫ್ ಅಟಾರ್ನಿಯ ಜಾಗದಲ್ಲಿ 2022ರಲ್ಲಿ ಬಂದದ್ದು. ನೀವು ಮಾರಿದ ಷೇರನ್ನು ತಲುಪಿಸುವುದು, ಮಾರ್ಜಿನ್‌ಗೆ (ವಹಿವಾಟಿಗೆ ಇಡುವ ಭದ್ರತೆಗೆ) ಪ್ಲೆಡ್ಜ್ ಮಾಡುವುದು, ಮ್ಯೂಚುಯಲ್ ಫಂಡ್ ವಹಿವಾಟು, ಓಪನ್ ಆಫರ್‌ಗೆ (ಷೇರುದಾರರಿಂದ ನೇರವಾಗಿ ಷೇರು ಕೊಳ್ಳುವ ಪ್ರಸ್ತಾಪಕ್ಕೆ) ಷೇರು ಒಪ್ಪಿಸುವುದು, ಇಷ್ಟಕ್ಕೆ ಮಾತ್ರ ಅದನ್ನು ಬಳಸಬಹುದು. ಒಂದೇ ಸಲದ ಶುಲ್ಕ, ಸಾಮಾನ್ಯವಾಗಿ 100 ರೂಪಾಯಿ ಆಸುಪಾಸು ಮತ್ತು ಜಿಎಸ್‌ಟಿ. ವರ್ಷಕ್ಕೊಂದೆರಡು ಸಲ ಮಾರುವವರಿಗೆ ಇದು ಬೇಕಿಲ್ಲ, ಒಟಿಪಿಯೇ ಒಳ್ಳೆಯ ಬೀಗ. ಮಳೆಗಾಲದಲ್ಲೂ ಮಾರಬೇಕಾಗಬಹುದು ಎನ್ನುವವರು ಮೇ ತಿಂಗಳೊಳಗೆ ಮಾಡಿಸಿಕೊಳ್ಳುವುದು ಮೇಲು.

ಇಂಟ್ರಾಡೇ (ಒಂದೇ ದಿನದಲ್ಲಿ ಕೊಂಡು ಮಾರುವ ವಹಿವಾಟು) ಮಾಡುವವರಿಗೆ ಇದೇ ಮಳೆ ಇನ್ನೂ ದುಬಾರಿ. ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೂ ಮುಚ್ಚದ ಪೊಸಿಷನ್ನನ್ನು (ಬಾಕಿ ಉಳಿದ ವಹಿವಾಟನ್ನು) ಬ್ರೋಕರ್ ತಾನೇ ಮುಚ್ಚುತ್ತಾನೆ, ಅದಕ್ಕೊಂದು ಪ್ರತ್ಯೇಕ ಶುಲ್ಕ ಹಾಕುತ್ತಾನೆ. ಫೋನ್ ಮಾಡಿ ಆರ್ಡರ್ ಕೊಟ್ಟರೂ ಶುಲ್ಕವಿದೆ. ಎರಡೂ ಸಾಮಾನ್ಯವಾಗಿ ಆರ್ಡರಿಗೆ 50 ರೂಪಾಯಿ ಸುತ್ತಮುತ್ತ. ನೆಟ್‌ವರ್ಕ್ ಭರವಸೆ ಇಲ್ಲದ ಕಡೆ ಕೂತು ಇಂಟ್ರಾಡೇ ಮಾಡುವುದಕ್ಕೆ ನನ್ನ ಮತವಿಲ್ಲ.

ಈಗ ಡಿವಿಡೆಂಡ್. ಇದು ಟ್ರೇಡಿಂಗ್ ಆ್ಯಪ್‌ನ ವಾಲೆಟ್‌ಗೆ ಬರುವುದಿಲ್ಲ. ಕಂಪನಿ ಅಥವಾ ಅದರ ರಿಜಿಸ್ಟ್ರಾರ್ (ಷೇರುದಾರರ ದಾಖಲೆ ನೋಡಿಕೊಳ್ಳುವ ಸಂಸ್ಥೆ) ಡಿಮ್ಯಾಟ್‌ಗೆ ಜೋಡಿಸಿದ ಬ್ಯಾಂಕ್ ಖಾತೆಗೆ ನೇರ ಹಾಕುತ್ತಾರೆ. ಪಾಸ್‌ಬುಕ್ಕಿನಲ್ಲಿ 'ಎಸಿಎಚ್' ಎಂಬ ಅಕ್ಷರಗಳ ಪಕ್ಕ ಕಂಪನಿಯ ಹೆಸರು ತುಂಡಾಗಿ ಬಿದ್ದಿರುತ್ತದೆ. ಮೂರು ಬ್ಯಾಂಕ್ ಖಾತೆ ಇಟ್ಟುಕೊಂಡವರು, ಆ್ಯಪ್‌ಗೆ ದುಡ್ಡು ಹಾಕುವ ಖಾತೆಯಲ್ಲಿ ಹುಡುಕಿ 'ಬಂದೇ ಇಲ್ಲ' ಎನ್ನುತ್ತಾರೆ. ಡಿಮ್ಯಾಟ್‌ನ ಪ್ರಾಥಮಿಕ ಖಾತೆ ಯಾವುದೆಂದು ಪ್ರೊಫೈಲ್‌ನಲ್ಲಿ ನೋಡಿದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ.

ಉಳಿದರ್ಧ ಸಮಸ್ಯೆ ಹಳೆಯ ಐಎಫ್‌ಎಸ್‌ಸಿ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ಕ್ಕೆ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ ಹೋದವು. ಆಗಿನ ಡಿಮ್ಯಾಟ್ ಖಾತೆಯನ್ನು ಇವತ್ತಿಗೂ ಮುಟ್ಟದೆ ಇಟ್ಟವರ ದಾಖಲೆಯಲ್ಲಿ ಹಳೆಯ ಕೋಡ್ ಹಾಗೇ ಇರುವುದುಂಟು. ಅಂಥ ಪಾವತಿ ತಿರುಗಿ ಹೋಗಿ ಕಂಪನಿಯ 'ಪಾವತಿಯಾಗದ ಡಿವಿಡೆಂಡ್' ಖಾತೆಯಲ್ಲಿ ಕೂರುತ್ತದೆ. ಡಿಮ್ಯಾಟ್‌ನಲ್ಲಿ ಬ್ಯಾಂಕ್ ವಿವರ ತಿದ್ದಿಸಿ, ರದ್ದುಮಾಡಿದ ಚೆಕ್‌ನ ಪ್ರತಿಯೊಂದಿಗೆ ರಿಜಿಸ್ಟ್ರಾರ್‌ಗೆ ಬರೆದರೆ ಮತ್ತೆ ಹಾಕುತ್ತಾರೆ. ಏಳು ವರ್ಷ ಸುಮ್ಮನಿದ್ದರೆ ಆ ಹಣ ಕೇಂದ್ರ ಸರ್ಕಾರದ ಐಇಪಿಎಫ್ ನಿಧಿಗೆ ಹೋಗುತ್ತದೆ. ಸತತ ಏಳು ವರ್ಷ ಡಿವಿಡೆಂಡ್ ಪಡೆಯದಿದ್ದರೆ ಆ ಷೇರುಗಳೂ ಹಿಂದೆಯೇ ಹೋಗುತ್ತವೆ. ವಾಪಸ್ ಪಡೆಯಬಹುದು, ಐಇಪಿಎಫ್-5 ಅರ್ಜಿ ಅದಕ್ಕೇ ಇದೆ. ಆದರೆ ಅದು ತಿಂಗಳುಗಟ್ಟಲೆ ಕಾಯಿಸುವ ದಾರಿ.

ಯಾರಿಗೆ ಡಿವಿಡೆಂಡ್ ಎಂಬುದನ್ನು ತೀರ್ಮಾನಿಸುವುದು ರೆಕಾರ್ಡ್ ದಿನ. ಟಿ+1 ಬಂದ ಮೇಲೆ ಎಕ್ಸ್-ಡೇಟ್ (ಅಂದಿನಿಂದ ಕೊಂಡವರಿಗೆ ಡಿವಿಡೆಂಡ್ ಇಲ್ಲ) ಮತ್ತು ರೆಕಾರ್ಡ್ ದಿನ ಸಾಮಾನ್ಯವಾಗಿ ಒಂದೇ. ಎಕ್ಸ್-ಡೇಟ್ ಬುಧವಾರವಾದರೆ ಮಂಗಳವಾರ ಮಾರುಕಟ್ಟೆ ಮುಚ್ಚುವುದರೊಳಗೆ ಕೊಂಡಿರಬೇಕು. ಬುಧವಾರ ಬೆಳಿಗ್ಗೆ ಕೊಂಡರೆ ಇಲ್ಲ. ಬುಧವಾರವೇ ಮಾರಿದರೂ ಡಿವಿಡೆಂಡ್ ನಿಮ್ಮದೇ, ಏಕೆಂದರೆ ಷೇರು ನಿಮ್ಮ ಡಿಮ್ಯಾಟ್ ಬಿಡುವುದು ಗುರುವಾರ. ಇದನ್ನು ಕೇಳಿ 'ಮಂಗಳವಾರ ಕೊಂಡು ಬುಧವಾರ ಮಾರಿದರೆ ಆಯಿತಲ್ಲ' ಎಂದು ಲೆಕ್ಕ ಹಾಕುವವರಿಗೆ ಒಂದು ಮಾತು: ಎಕ್ಸ್-ಡೇಟ್ ಬೆಳಿಗ್ಗೆ ಷೇರಿನ ಬೆಲೆ ಹೆಚ್ಚುಕಮ್ಮಿ ಡಿವಿಡೆಂಡಿನಷ್ಟೇ ಇಳಿದು ತೆರೆಯುತ್ತದೆ. ಡಿವಿಡೆಂಡ್ 8 ರೂಪಾಯಿ ಎನ್ನಿ, 8 ರೂಪಾಯಿ ಕೈಗೆ ಬಂದು 8 ರೂಪಾಯಿ ಬೆಲೆಯಲ್ಲಿ ಹೋಯಿತು, ಮೇಲಿಂದ ಆ 8ಕ್ಕೆ ತೆರಿಗೆ, ಕೊಂಡದ್ದಕ್ಕೂ ಮಾರಿದ್ದಕ್ಕೂ ಶುಲ್ಕ. ಇದರಲ್ಲಿ ಖಚಿತವಾಗಿ ಲಾಭವಾಗುವುದು ಬ್ರೋಕರ್‌ಗೆ ಮತ್ತು ಸರ್ಕಾರಕ್ಕೆ.

ಶೇಕಡಾವಾರು ಕೇಳಿ ಮರುಳಾಗುವುದೂ ಇದೆ. ಟಾಟಾ ಕನ್ಸ್ಯೂಮರ್ 2024-25ರ ಸಾಲಿಗೆ ಷೇರಿಗೆ 8.25 ರೂಪಾಯಿ ಕೊಟ್ಟಿತು. ಷೇರಿನ ಮುಖಬೆಲೆ 1 ರೂಪಾಯಿ, ಆದ್ದರಿಂದ ಅದನ್ನು ಶೇ. 825 ಡಿವಿಡೆಂಡ್ ಎಂದೂ ಹೇಳಬಹುದು. ಮಾರುಕಟ್ಟೆ ಬೆಲೆ 1,000 ರೂಪಾಯಿ ಎಂದಿಟ್ಟುಕೊಂಡರೆ ನಿಮ್ಮ ದುಡ್ಡಿಗೆ ಬಂದದ್ದು ಶೇ. 0.825. ನೋಡಬೇಕಾದದ್ದು ಈ ಎರಡನೆಯದನ್ನು.

ಮೇ ತಿಂಗಳಲ್ಲಿ 'ಘೋಷಣೆ' ಕೇಳಿ ಜೂನ್‌ನಲ್ಲಿ ದುಡ್ಡಿಗೆ ಕಾಯುವುದೂ ಬೇಡ. ವರ್ಷಾಂತ್ಯದ ಡಿವಿಡೆಂಡನ್ನು ನಿರ್ದೇಶಕ ಮಂಡಳಿ ಶಿಫಾರಸು ಮಾಡುತ್ತದೆ ಅಷ್ಟೇ, ಒಪ್ಪುವುದು ವಾರ್ಷಿಕ ಸಭೆ. ಆ ಒಪ್ಪಿಗೆಯಿಂದ 30 ದಿನದೊಳಗೆ ಪಾವತಿಯಾಗಬೇಕು. ಹಾಗಾಗಿ ಜುಲೈ, ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಹೆಚ್ಚು ಬರುತ್ತದೆ. ಮಧ್ಯಂತರ ಡಿವಿಡೆಂಡಿಗೆ ಸಭೆ ಬೇಕಿಲ್ಲ, ಬೇಗ ಬರುತ್ತದೆ.

ತೆರಿಗೆಯಲ್ಲಿ ಬೆಳೆಗಾರರು ಎಡವುವ ಒಂದು ಜಾಗವಿದೆ. ಕಾಫಿಯನ್ನು ಕ್ಯೂರಿಂಗ್‌ಗೆ ಮುಂಚಿನ ಚೆರಿಯಾಗಿಯೋ ಪಾರ್ಚ್‌ಮೆಂಟಾಗಿಯೋ ಮಾರಿದ ಬೆಳೆಗಾರನ ಆದಾಯ ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆಯಿಲ್ಲ. ಹಾಗಾದರೆ ಕಾಫಿ ಕಂಪನಿಯ ಡಿವಿಡೆಂಡ್ ಕೂಡ ತೋಟದ್ದೇ ಅಲ್ಲವೇ? ಅಲ್ಲ. ಚಹಾ ಕಂಪನಿಗಳ ಷೇರುದಾರರೊಬ್ಬರು ಇದೇ ವಾದ ಹಿಡಿದು ಸುಪ್ರೀಂ ಕೋರ್ಟ್‌ವರೆಗೆ ಹೋಗಿದ್ದರು. ಬಚಾ ಗುಜ್ದರ್ ಪ್ರಕರಣದಲ್ಲಿ 1954ರಲ್ಲೇ ತೀರ್ಪು ಬಂತು. ಭೂಮಿಯಿಂದ ಆದಾಯ ಬಂದದ್ದು ಕಂಪನಿಗೆ, ಷೇರುದಾರನಿಗೆ ಬಂದದ್ದು ಷೇರಿನಿಂದ. ಆದ್ದರಿಂದ ಅದು ಕೃಷಿ ಆದಾಯವಲ್ಲ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ಪಡೆಯುವವರೇ ತಮ್ಮ ತೆರಿಗೆ ಹಂತದ ಪ್ರಕಾರ ತೆರಿಗೆ ಕಟ್ಟಬೇಕು.

ಒಂದೇ ಕಂಪನಿಯಿಂದ ಒಂದು ಹಣಕಾಸು ವರ್ಷದಲ್ಲಿ ಬಂದದ್ದು 10,000 ರೂಪಾಯಿ ದಾಟಿದರೆ ಶೇ. 10 ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಹಿಡಿಯುತ್ತಾರೆ. ಈ ಮಿತಿ 2025ರ ಏಪ್ರಿಲ್‌ನಿಂದ, ಅದಕ್ಕೂ ಮುಂಚೆ 5,000 ಇತ್ತು. ಮಿತಿಯ ವಿನಾಯಿತಿ ವ್ಯಕ್ತಿಗಳಿಗೆ ಮಾತ್ರ. ಅವಿಭಕ್ತ ಕುಟುಂಬದ ಪ್ಯಾನ್‌ನಲ್ಲಿ ಷೇರು ಇಟ್ಟವರಿಗೆ ಸಣ್ಣ ಮೊತ್ತಕ್ಕೂ ಕಡಿತವಾಗುತ್ತದೆ. ಪ್ಯಾನ್ ಸರಿಯಿಲ್ಲದಿದ್ದರೆ ಕಡಿತ ಶೇ. 20. ತೆರಿಗೆಯೇ ಬರದಷ್ಟು ಆದಾಯದವರು 15ಜಿ, ಹಿರಿಯರಾದರೆ 15ಎಚ್ ಎಂದು ಎಲ್ಲರ ಬಾಯಲ್ಲಿರುವ ಸ್ವಯಂ ಘೋಷಣೆಯನ್ನು ಕೊಡಬಹುದು. ಬ್ಯಾಂಕಿಗೆ ಕೊಟ್ಟದ್ದು ಇಲ್ಲಿಗೆ ನಡೆಯುವುದಿಲ್ಲ. ಒಂದೊಂದು ಕಂಪನಿಗೂ ಬೇರೆ ಬೇರೆಯಾಗಿ, ರಿಜಿಸ್ಟ್ರಾರ್‌ನ ಪೋರ್ಟಲ್‌ನಲ್ಲಿ, ಇಮೇಲ್‌ನಲ್ಲಿ ಹೇಳಿದ ಗಡುವಿನೊಳಗೆ ಹಾಕಬೇಕು. ತಪ್ಪಿದರೂ ದುಡ್ಡು ಮುಳುಗುವುದಿಲ್ಲ, ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಕೃಷಿ ಆದಾಯ 5,000 ರೂಪಾಯಿ ಮೀರಿದವರು ಐಟಿಆರ್-1 ಎಂಬ ರಿಟರ್ನ್ ನಮೂನೆ ತುಂಬುವಂತಿಲ್ಲ. ವ್ಯಾಪಾರ ಇಲ್ಲದವರಿಗೆ ಐಟಿಆರ್-2. ಡಿವಿಡೆಂಡ್ ಮತ್ತಿತರ ಕೃಷಿಯೇತರ ಆದಾಯ ಮೂಲ ವಿನಾಯಿತಿ ಮಿತಿ ದಾಟಿತೆಂದರೆ, ತೆರಿಗೆಯ ದರ ನಿಗದಿಗೆ ಮಾತ್ರ ಕೃಷಿ ಆದಾಯವನ್ನೂ ಸೇರಿಸಿ ನೋಡುತ್ತಾರೆ. ತೋಟದಿಂದ ದೊಡ್ಡ ಮೊತ್ತ ಬಂದ ವರ್ಷ ಷೇರಿನ ಆದಾಯಕ್ಕೆ ತೆರಿಗೆ ಹೆಚ್ಚು ಬೀಳುವುದು ಇದರಿಂದಲೇ.

ಶುಲ್ಕಕ್ಕೆ ಬರೋಣ. 20,000 ರೂಪಾಯಿಯ ಷೇರು ಡೆಲಿವರಿಗೆ (ಡಿಮ್ಯಾಟ್‌ನಲ್ಲಿ ಇಟ್ಟುಕೊಳ್ಳಲು) ಕೊಂಡು 22,000ಕ್ಕೆ ಮಾರಿದಿರಿ ಎನ್ನಿ. ಕೊಳ್ಳುವಾಗ ಎಸ್‌ಟಿಟಿ ಎಂಬ ಷೇರು ವಹಿವಾಟು ತೆರಿಗೆ ಶೇ. 0.1 ಅಂದರೆ 20 ರೂಪಾಯಿ. ಮುದ್ರಾಂಕ ಶುಲ್ಕ ಶೇ. 0.015, 3 ರೂಪಾಯಿ. ಇದು ಕೊಳ್ಳುವವನಿಗೆ ಮಾತ್ರ, 2020ರ ಜುಲೈನಿಂದ ದೇಶಕ್ಕೆಲ್ಲ ಒಂದೇ ದರ. ಎಕ್ಸ್‌ಚೇಂಜಿನ ವಹಿವಾಟು ಶುಲ್ಕ ಎನ್‌ಎಸ್‌ಇಯಲ್ಲಿ ಲಕ್ಷಕ್ಕೆ ಸುಮಾರು 3 ರೂಪಾಯಿ, ಇಲ್ಲಿ 60 ಪೈಸೆ. ಸೆಬಿ ಶುಲ್ಕ ಕೋಟಿಗೆ 10 ರೂಪಾಯಿ, ಇಲ್ಲಿ 2 ಪೈಸೆ. ಬ್ರೋಕರೇಜ್, ವಹಿವಾಟು ಶುಲ್ಕ ಮತ್ತು ಸೆಬಿ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ, ಎಸ್‌ಟಿಟಿ, ಮುದ್ರಾಂಕದ ಮೇಲೆ ಇಲ್ಲ. ಮಾರುವಾಗ ಎಸ್‌ಟಿಟಿ 22 ರೂಪಾಯಿ, ಚಿಲ್ಲರೆ ಶುಲ್ಕಗಳು 80 ಪೈಸೆಯಷ್ಟು, ಜೊತೆಗೆ ಷೇರು ಡಿಮ್ಯಾಟ್‌ನಿಂದ ಹೊರಹೋಗುವುದಕ್ಕೆ ಹಾಕುವ ಡಿಪಿ ಶುಲ್ಕ. ಇದನ್ನು ಜಿಎಸ್‌ಟಿ ಸೇರಿ 16 ರೂಪಾಯಿ ಎಂದಿಟ್ಟುಕೊಳ್ಳೋಣ.

ಒಟ್ಟು, ಡೆಲಿವರಿಗೆ ಬ್ರೋಕರೇಜ್ ಇಲ್ಲದ ಕಡೆ ಸುಮಾರು 62 ರೂಪಾಯಿ 50 ಪೈಸೆ. ಆರ್ಡರಿಗೆ 20 ರೂಪಾಯಿ ತೆಗೆದುಕೊಳ್ಳುವಲ್ಲಿ ಜಿಎಸ್‌ಟಿ ಸೇರಿ 47 ರೂಪಾಯಿ 20 ಪೈಸೆ ಹೆಚ್ಚು, ಅಂದರೆ ಸುಮಾರು 110. ಶೇ. 0.5 ಹಿಡಿಯುವ ಹಳೆ ಪದ್ಧತಿಯ ಬ್ರೋಕರ್ ಬಳಿ ಸುಮಾರು 310. ಲಾಭ 2,000 ಬಂದಲ್ಲಿ 310 ಶುಲ್ಕವೆಂದರೆ ಶೇ. 15 ಮೀರಿತು. ಕಟ್ಟಿದ ಎಸ್‌ಟಿಟಿಯನ್ನು ಲಾಭದ ಲೆಕ್ಕದಲ್ಲಿ ಖರ್ಚೆಂದು ಕಳೆಯಲು ಬಿಡುವುದಿಲ್ಲ, ಬ್ರೋಕರೇಜ್ ಕಳೆಯಬಹುದು. 2024ರ ಜುಲೈ 23ರಿಂದ, ವರ್ಷದೊಳಗೆ ಮಾರಿದ ಲಾಭಕ್ಕೆ ಶೇ. 20 ತೆರಿಗೆ. ವರ್ಷ ದಾಟಿದ್ದಕ್ಕೆ ಶೇ. 12.5, ಅದರಲ್ಲೂ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ಇಲ್ಲ.

ಸಣ್ಣ ಹೂಡಿಕೆಯನ್ನು ಕೊರೆಯುವುದು ಡಿಪಿ ಶುಲ್ಕ. ಇದು ಬೆಲೆಗೂ ಅಲ್ಲ, ಸಂಖ್ಯೆಗೂ ಅಲ್ಲ. ಒಂದು ಕಂಪನಿಯ ಷೇರು ಒಂದು ದಿನ ಹೊರಹೋದರೆ ಒಂದು ಶುಲ್ಕ. ಬ್ರೋಕರ್‌ಗೆ ತಕ್ಕಂತೆ 13ರಿಂದ 20 ರೂಪಾಯಿ, ಮೇಲೆ ಜಿಎಸ್‌ಟಿ. 500 ರೂಪಾಯಿಯ ಷೇರು ಮಾರಿದರೂ 16, ಐದು ಲಕ್ಷದ್ದು ಮಾರಿದರೂ 16. ಒಂದೇ ಕಂಪನಿಯ ಷೇರನ್ನು ಮೂರು ದಿನ ಸ್ವಲ್ಪ ಸ್ವಲ್ಪ ಮಾರಿದರೆ ಮೂರು ಸಲ. ಒಂದೇ ದಿನ ಹತ್ತು ಸಲ ಮಾರಿದರೂ ಒಂದೇ ಸಲ. ಹೊಸಬರು ಒಂದೊಂದು ಷೇರಿನಂತೆ ಇಪ್ಪತ್ತು ಕಂಪನಿ ಕೂಡಿಹಾಕಿಕೊಂಡಿದ್ದನ್ನು ಖಾಲಿ ಮಾಡುವಾಗ 320 ರೂಪಾಯಿ ಇದಕ್ಕೇ ಹೋಗುತ್ತದೆ. ಇಂಟ್ರಾಡೇಗೆ ಡಿಪಿ ಶುಲ್ಕವಿಲ್ಲ, ಷೇರು ಡಿಮ್ಯಾಟ್ ಮುಟ್ಟುವುದೇ ಇಲ್ಲವಲ್ಲ.

ಈ ಶುಲ್ಕ ಕಾಂಟ್ರಾಕ್ಟ್ ನೋಟಿನಲ್ಲಿ ಕಾಣುವುದಿಲ್ಲ. ನೋಟಿನಲ್ಲಿ ಆ ದಿನದ ಬ್ರೋಕರೇಜ್, ಎಸ್‌ಟಿಟಿ, ಜಿಎಸ್‌ಟಿ ಇರುತ್ತವೆ. ಡಿಪಿ ಶುಲ್ಕ, ವಾರ್ಷಿಕ ನಿರ್ವಹಣಾ ಶುಲ್ಕ, ಪ್ಲೆಡ್ಜ್ ಶುಲ್ಕ ಬೀಳುವುದು ಲೆಡ್ಜರಿನಲ್ಲಿ. ಮರೆತುಬಿಟ್ಟ ಖಾತೆಯ ಲೆಡ್ಜರ್ ಮೈನಸ್ ಆದರೆ ಅದರ ಮೇಲೆ ಬಡ್ಡಿಯೂ ಏರುತ್ತದೆ. ನಿರ್ವಹಣಾ ಶುಲ್ಕ ತಪ್ಪಿಸಲು ಬಿಎಸ್‌ಡಿಎ ಎಂಬ ಮೂಲ ಸೇವಾ ಖಾತೆ ಇದೆ. 2024ರ ಸೆಪ್ಟೆಂಬರ್‌ನಿಂದ, ಹೋಲ್ಡಿಂಗ್ಸ್ 4 ಲಕ್ಷದವರೆಗೆ ಇದ್ದರೆ ವಾರ್ಷಿಕ ಶುಲ್ಕ ಸೊನ್ನೆ, 4ರಿಂದ 10 ಲಕ್ಷದವರೆಗೆ 100 ರೂಪಾಯಿ. ಒಂದು ಪ್ಯಾನ್‌ಗೆ ಒಂದೇ ಡಿಮ್ಯಾಟ್ ಇದ್ದವರಿಗೆ ಇದು. ಬೋನಸ್ ಆಫರ್ ಕಂಡು ನಾಲ್ಕು ಆ್ಯಪ್‌ನಲ್ಲಿ ಖಾತೆ ತೆರೆದವರು ಇದನ್ನು ಕಳೆದುಕೊಂಡಿರುತ್ತಾರೆ.

ಹೋಲ್ಡಿಂಗ್ಸ್ ಪುಟದ ಲಾಭನಷ್ಟದಲ್ಲಿ ಈ ಶುಲ್ಕಗಳೂ ಸೇರಿರುವುದಿಲ್ಲ, ಬಂದ ಡಿವಿಡೆಂಡೂ ಸೇರಿರುವುದಿಲ್ಲ. ಸರಾಸರಿ ಬೆಲೆಯೂ ಕೆಲವೊಮ್ಮೆ ಸುಳ್ಳು. ಒಂದಕ್ಕೊಂದು ಬೋನಸ್ (ಇರುವ ಒಂದು ಷೇರಿಗೆ ಇನ್ನೊಂದು ಉಚಿತ) ಬಂದಾಗ ಎಕ್ಸ್-ಡೇಟ್‌ಗೆ ಬೆಲೆ ಅರ್ಧವಾಗಿ, ಹೊಸ ಷೇರು ಇನ್ನೂ ಖಾತೆಗೆ ಬರದೆ, ಅರ್ಧ ದುಡ್ಡು ಹೋದಂತೆ ಕೆಂಪು ಕಾಣುತ್ತದೆ. ಆಗ ಗಾಬರಿಯಿಂದ ಮಾರಬಾರದು.

ನಮ್ಮ ಕಡೆ ಹೆಚ್ಚು ಕೇಳುವುದು ಟಾಟಾ ಕಾಫಿಯ ವಿಚಾರ. ಪೊಲ್ಲಿಬೆಟ್ಟದ ಹೆಸರಿನೊಂದಿಗೆ ಬೆಳೆದ ಆ ಕಂಪನಿ 2024ರ ಜನವರಿಯಲ್ಲಿ ಟಾಟಾ ಕನ್ಸ್ಯೂಮರ್‌ನಲ್ಲಿ ಸೇರಿತು. ಎರಡು ಹಂತದಲ್ಲಿ ಲೆಕ್ಕ: ಟಾಟಾ ಕಾಫಿಯ 22 ಷೇರಿಗೆ ಟಾಟಾ ಕನ್ಸ್ಯೂಮರ್‌ನ 1, ಮತ್ತೆ 55ಕ್ಕೆ 14. ಎರಡನ್ನೂ ಕೂಡಿಸಿದರೆ 10ಕ್ಕೆ 3. ನೂರು ಇದ್ದವರಿಗೆ 30, ತುಣುಕು ಉಳಿದರೆ ನಗದು. ಹಳೆಯದು ಮಾಯವಾಗಿ ಹೊಸದು ಬಂದಾಗ ಖರೀದಿ ಬೆಲೆ ಸೊನ್ನೆ ಎಂದೋ ಖಾಲಿಯೆಂದೋ ಬಿದ್ದಿರುವ ಆ್ಯಪ್‌ಗಳುಂಟು. ಹಾಗೇ ಬಿಟ್ಟು ಮಾರಿದರೆ ವರ್ಷದ ಕೊನೆಯ ತೆರಿಗೆ ವರದಿ ಪೂರ್ತಿ ಮೊತ್ತವನ್ನೇ ಲಾಭವೆಂದು ತೋರಿಸುತ್ತದೆ. ನಿಜದಲ್ಲಿ ಹಳೆಯ ಷೇರಿನ ಖರೀದಿ ಬೆಲೆಯೇ ಹೊಸದಕ್ಕೆ ಹಂಚಿಕೆಯಾಗುತ್ತದೆ, ಅವಧಿಯೂ ಕೊಂಡ ದಿನದಿಂದಲೇ. ಹಳೆಯ ಕಾಂಟ್ರಾಕ್ಟ್ ನೋಟ್ ನೋಡಿ ಆ್ಯಪ್‌ನಲ್ಲಿ ಬೆಲೆ ತುಂಬಿಸಿ. 2018ರ ಜನವರಿ 31ರವರೆಗೆ ಕೊಂಡದ್ದಾದರೆ, ಜನವರಿ 31ರ ಮಾರುಕಟ್ಟೆ ಬೆಲೆಯನ್ನೇ ಖರೀದಿ ಬೆಲೆಯೆಂದು ಹಿಡಿಯುವ ಅನುಕೂಲವೂ ಸಿಗಬಹುದು, ಲೆಕ್ಕ ಪರಿಶೋಧಕರ ಬಳಿ ಒಮ್ಮೆ ತೋರಿಸಿ.

ಐನ್‌ಮನೆಯ (ಕೊಡವ ಕುಟುಂಬದ ಮೂಲ ಮನೆಯ) ಪೆಟ್ಟಿಗೆಯಲ್ಲಿ ಕನ್ಸಾಲಿಡೇಟೆಡ್ ಕಾಫಿ ಎಂಬ ಹಳೆಯ ಹೆಸರಿನ ಕಾಗದದ ಸರ್ಟಿಫಿಕೇಟು ಸಿಕ್ಕರೆ ಅದು ಟಾಟಾ ಕಾಫಿಯದ್ದೇ, ರದ್ದಿಗೆ ಹಾಕಬೇಡಿ. 2019ರ ಏಪ್ರಿಲ್‌ನಿಂದ ಕಾಗದದ ಷೇರನ್ನು ಮಾರಲು ಬರುವುದಿಲ್ಲ, ಡಿಮ್ಯಾಟ್ ಮಾಡಿಸಲೇಬೇಕು. 2024ರ ಏಪ್ರಿಲ್‌ನಿಂದ ಕೆವೈಸಿ ಇಲ್ಲದ ಕಾಗದದ ಫೋಲಿಯೊಗೆ (ಷೇರು ಖಾತೆಗೆ) ಡಿವಿಡೆಂಡೂ ಬರುವುದಿಲ್ಲ. ಫೋಲಿಯೊ ಸಂಖ್ಯೆ ಹಿಡಿದು ಟಾಟಾ ಕನ್ಸ್ಯೂಮರ್‌ನ ರಿಜಿಸ್ಟ್ರಾರ್‌ಗೆ ಬರೆಯಿರಿ, ಪ್ಯಾನ್ ಮತ್ತು ಬ್ಯಾಂಕ್ ವಿವರಕ್ಕೆ ಐಎಸ್‌ಆರ್-1 ನಮೂನೆ, ಸಹಿ ದೃಢೀಕರಣಕ್ಕೆ ಬ್ಯಾಂಕ್ ಮ್ಯಾನೇಜರ್ ಸಹಿ ಹಾಕಿದ ಐಎಸ್‌ಆರ್-2 ಕೊಡಬೇಕಾಗುತ್ತದೆ. ಹೆಸರಿದ್ದವರು ತೀರಿಹೋಗಿದ್ದರೆ ವಾರಸುದಾರರ ಹೆಸರಿಗೆ ಬದಲಿಸಲು ಐಎಸ್‌ಆರ್-5. ಸರ್ಟಿಫಿಕೇಟಿನಲ್ಲಿ ಒಕ್ಕದ (ಮನೆತನದ) ಹೆಸರು ಮುಂದೆ, ಆಧಾರ್‌ನಲ್ಲಿ ಹಿಂದೆ, ಪ್ಯಾನ್‌ನಲ್ಲಿ ಬರೀ ಒಂದಕ್ಷರ ಎಂಬ ಸ್ಥಿತಿ ಕೊಡವ ಮನೆಗಳಲ್ಲಿ ಸಾಮಾನ್ಯ. ಅರ್ಜಿ ತಿರುಗಿ ಬರುವುದು ಹೆಚ್ಚಾಗಿ ಇದೇ ಕಾರಣಕ್ಕೆ, ಆದ್ದರಿಂದ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಮೊದಲೇ ಮಾಡಿಸಿ ಜೊತೆಗಿಡಿ. ಡಿಮ್ಯಾಟ್ ಆದ ದಿನವೇ ನಾಮಿನಿಯನ್ನೂ ಸೇರಿಸಿ. 2025ರ ಮಾರ್ಚ್‌ನಿಂದ ಹತ್ತು ಜನರವರೆಗೆ, ಯಾರಿಗೆ ಎಷ್ಟು ಪಾಲು ಎಂದು ಬರೆದು ಕೊಡಬಹುದು.